ಸುಂಕದವನ ಮುಂದೆ ನಿಂತ ಹಕ್ಕಿ: ಶಿಲ್ಪಿ ಬ್ರಾಂಕೂಸಿಯ ಪ್ರದರ್ಶನಗಳ ಪೂರ್ತಿ ಕಥೆ ಇಲ್ಲಿದೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಪ್ರಯೋಜನ ಅಂತ ನಮ್ಮಲ್ಲಿ ಗಾದೆ ಇದೆ. 1926ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಒಬ್ಬ ಶಿಲ್ಪಿಗೆ ಇದೇ ಗತಿ ಆಯಿತು. ಪ್ಯಾರಿಸ್‌ ಕಡೆಯಿಂದ ಹಡಗಿನಲ್ಲಿ ಬಂದ ಪೆಟ್ಟಿಗೆ ಬಿಚ್ಚಿದಾಗ ಕಸ್ಟಮ್ಸ್‌ನವರಿಗೆ ಕಂಡದ್ದು ಥಳಥಳ ಹೊಳೆಯುವ, ಉದ್ದನೆಯ ಕಂಚಿನ ತುಂಡು. ತಲೆ ಇಲ್ಲ, ರೆಕ್ಕೆ ಇಲ್ಲ, ಪುಕ್ಕ ಇಲ್ಲ. ಹೆಸರು ಮಾತ್ರ 'ಬರ್ಡ್ ಇನ್ ಸ್ಪೇಸ್', ಅಂದ್ರೆ ಆಕಾಶದಲ್ಲಿ ಹಕ್ಕಿ.

ಕಲಾಕೃತಿಗೆ ಅಮೆರಿಕದಲ್ಲಿ ಆಗ ಸುಂಕ ಇರಲಿಲ್ಲ. ಆದರೆ ಇದು ಕಲಾಕೃತಿ ಅಂತ ಅಧಿಕಾರಿಗಳು ಒಪ್ಪಲೇ ಇಲ್ಲ. ಅಡುಗೆಮನೆ ಪಾತ್ರೆ, ಆಸ್ಪತ್ರೆ ಸಾಮಾನಿನ ಸಾಲಿಗೆ ಸೇರಿಸಿ 40 ಪರ್ಸೆಂಟ್ ಸುಂಕ ಹಾಕಿದರು.

ಆ ಹಕ್ಕಿಯನ್ನು ಮಾಡಿದವನು ಕಾನ್‌ಸ್ಟಾಂಟಿನ್ ಬ್ರಾಂಕೂಸಿ. ಇಪ್ಪತ್ತನೇ ಶತಮಾನದ ಶಿಲ್ಪಕಲೆಯ ದಾರಿಯನ್ನೇ ತಿರುಗಿಸಿದವನು. ಆದರೆ ಈತನ ಪ್ರದರ್ಶನಗಳ ಪಟ್ಟಿ ನೋಡ್ತಾ ಹೋದ್ರೆ ಕಾಣೋದು ಬರೀ ಚಪ್ಪಾಳೆ ಅಲ್ಲ. ಒಂದು ಕಡೆ ಕಮಿಟಿ, ಒಂದು ಕಡೆ ಪೇಪರ್‌ನವರು, ಇನ್ನೊಂದು ಕಡೆ ಪೊಲೀಸರು, ಕೊನೆಗೆ ಕಸ್ಟಮ್ಸ್. ಯಾವುದು ಕಲೆ, ಅದನ್ನ ಹೇಗೆ ತೋರಿಸಬೇಕು ಅಂತ ಪ್ರತಿ ಸಲ ಬೇರೆ ಯಾರೋ ತೀರ್ಮಾನ ಮಾಡಿದರು. ಆ ತೀರ್ಮಾನವನ್ನ ಈತ ನಿಧಾನಕ್ಕೆ ತನ್ನ ಕೈಗೆ ಹೇಗೆ ತೆಗೆದುಕೊಂಡ ಅನ್ನೋದೇ ಈ ಬರಹ.

ಒಂದೇ ನೋಟದಲ್ಲಿ

- ಹುಟ್ಟು: 19 ಫೆಬ್ರವರಿ 1876, ರೊಮೇನಿಯಾದ ಗೊರ್ಜ್ ಜಿಲ್ಲೆಯ ಹೋಬಿತ್ಸಾ ಹಳ್ಳಿ
- ಸಾವು: 16 ಮಾರ್ಚ್ 1957, ಪ್ಯಾರಿಸ್
- ಕೆಲಸ: ಮುಖ್ಯವಾಗಿ ಶಿಲ್ಪಿ. ಜೊತೆಗೆ ಫೋಟೊಗ್ರಾಫರ್, ಚಿತ್ರಕಾರ
- ಮುಖ್ಯ ಕೃತಿಗಳು: ದಿ ಕಿಸ್, ಸ್ಲೀಪಿಂಗ್ ಮ್ಯೂಸ್, ಮದ್ಮೊಜೆಲ್ ಪೊಗಾನಿ, ಪ್ರಿನ್ಸೆಸ್ ಎಕ್ಸ್, ಬರ್ಡ್ ಇನ್ ಸ್ಪೇಸ್, ಎಂಡ್‌ಲೆಸ್ ಕಾಲಮ್
- ಭಾರತದ ನಂಟು: ಇಂದೋರ್ ಮಹಾರಾಜ ಯಶವಂತರಾವ್ ಹೋಳ್ಕರ್ ಮೂರು ಹಕ್ಕಿಗಳನ್ನು ಕೊಂಡಿದ್ದರು

ಕುರಿ ಕಾಯ್ತಿದ್ದ ಹುಡುಗ

ಹೋಬಿತ್ಸಾ ಕಾರ್ಪೇಥಿಯನ್ ಬೆಟ್ಟಗಳ ತಪ್ಪಲಿನ ಹಳ್ಳಿ. ಮರದ ಕೆತ್ತನೆಗೆ ಹೆಸರಾದ ಸೀಮೆ. ಮನೆಯ ಕಂಬ, ಬಾಗಿಲು, ಗೇಟು ಎಲ್ಲದರ ಮೇಲೂ ಅಲ್ಲಿ ಕೆತ್ತನೆ ಇರುತ್ತಿತ್ತು. ಬಡ ರೈತರ ಮನೆ ಹುಡುಗ ಬ್ರಾಂಕೂಸಿ ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದ. ಇನ್ನೂ ಬಾಲಕನಾಗಿದ್ದಾಗಲೇ ಮನೆ ಬಿಟ್ಟು ಹೋಗಿ ಅಂಗಡಿ, ಹೋಟೆಲ್‌ಗಳಲ್ಲಿ ದುಡಿದ. ಕ್ರಾಯೋವಾ ಪಟ್ಟಣದಲ್ಲಿ ಕೆಲಸಕ್ಕಿದ್ದಾಗ ಸಿಕ್ಕ ಮರದಲ್ಲೇ ಪಿಟೀಲು ಮಾಡಿದನಂತೆ. ಅದನ್ನ ನೋಡಿದವರು ಕಸುಬು ಕಲಿಸುವ ಶಾಲೆಗೆ ಸೇರಿಸಿದರು ಅಂತ ಕಥೆ ಇದೆ.

1898ರಿಂದ 1902ರವರೆಗೆ ಬುಕಾರೆಸ್ಟ್‌ನ ಕಲಾಶಾಲೆಯಲ್ಲಿ ಓದಿದ. ಅಲ್ಲಿ ಡಾಕ್ಟರ್ ದಿಮಿತ್ರಿ ಗೆರೋಟಾ ಮಾರ್ಗದರ್ಶನದಲ್ಲಿ ಚರ್ಮ ಸುಲಿದ ಮನುಷ್ಯನ ಆಳೆತ್ತರದ ಶಿಲ್ಪ ಮಾಡಿದ. ಒಂದೊಂದು ಸ್ನಾಯುವೂ ಎಣಿಸುವ ಹಾಗೆ ಇತ್ತು. 1903ರಲ್ಲಿ ಅದನ್ನು ಬುಕಾರೆಸ್ಟ್‌ನ ಅಥೆನಿಯಂ ಭವನದಲ್ಲಿ ಪ್ರದರ್ಶನಕ್ಕೆ ಇಟ್ಟರು. ಮುಂದೆ ಈತನ ಕೆಲಸ ನೋಡಿ 'ಮನುಷ್ಯನ ಆಕಾರ ಮಾಡೋಕೆ ಬರಲ್ಲ' ಅಂದವರೆಲ್ಲ ಈ ಶಿಲ್ಪವನ್ನ ಒಮ್ಮೆ ನೋಡಬೇಕಿತ್ತು.

ಅದೇ ವರ್ಷ ಮೊದಲ ಸಾರ್ವಜನಿಕ ಆರ್ಡರ್ ಸಿಕ್ಕಿತು. ಜನರಲ್ ಕರೋಲ್ ದವಿಲಾ ಎಂಬ ವೈದ್ಯರ ಎದೆಮಟ್ಟದ ಪ್ರತಿಮೆ. ನೋಡೋಕೆ ಬಂದ ಕಮಿಟಿಯವರು ಒಬ್ಬೊಬ್ಬರು ಒಂದೊಂದು ಕೊಂಕು ತೆಗೆದರು. ಬ್ರಾಂಕೂಸಿ ಮುಂದೆ ಹೇಳಿಕೊಂಡ ಪ್ರಕಾರ, ಬೇಜಾರಾಗಿ ಬಾಕಿ ದುಡ್ಡನ್ನೂ ಕೇಳದೆ ಎದ್ದು ಬಂದುಬಿಟ್ಟ. ಬೇರೆಯವರ ತೀರ್ಮಾನದ ಮುಂದೆ ಕೈಕಟ್ಟಿ ನಿಲ್ಲಬೇಕಾದ ಪ್ರಸಂಗಗಳಲ್ಲಿ ಇದು ಮೊದಲನೆಯದು.

ಪ್ಯಾರಿಸ್‌ಗೆ ಕಾಲ್ನಡಿಗೆ, ರೊಡ್ಯಾಂ ಹತ್ತಿರ ಒಂದೆರಡು ತಿಂಗಳು

ರೊಮೇನಿಯಾದಿಂದ ಹೊರಟವನು 1904ರ ಜುಲೈನಲ್ಲಿ ಪ್ಯಾರಿಸ್ ಮುಟ್ಟಿದ. ದಾರಿಯ ಬಹುಪಾಲು ನಡೆದೇ ಬಂದ ಅನ್ನುತ್ತಾರೆ. ಹೊಟ್ಟೆಪಾಡಿಗೆ ರೆಸ್ಟೊರೆಂಟ್‌ನಲ್ಲಿ ಪಾತ್ರೆ ತೊಳೆದ, ರೊಮೇನಿಯನ್ ಚರ್ಚ್‌ನಲ್ಲಿ ಹಾಡಿದ. ಜೊತೆಗೇ ಕಲಾಶಾಲೆಗೂ ಸೇರಿದ. 1906ರಲ್ಲಿ ಮೊದಲ ಬಾರಿಗೆ ಪ್ಯಾರಿಸ್‌ನ ಸಲೋನ್‌ಗಳಲ್ಲಿ ಈತನ ಕೃತಿಗಳು ಪ್ರದರ್ಶನಗೊಂಡವು. ಸಲೋನ್ ಅಂದ್ರೆ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಸಾಮೂಹಿಕ ಪ್ರದರ್ಶನ. ಕಲಾವಿದನಿಗೆ ಹೆಸರು ಬರಬೇಕು ಅಂದ್ರೆ ಆಗ ಇದೇ ಬಾಗಿಲು.

1907ರಲ್ಲಿ ಆ ಕಾಲದ ಮಹಾಶಿಲ್ಪಿ ಒಗುಸ್ತ್ ರೊಡ್ಯಾಂ ಹತ್ತಿರ ಸಹಾಯಕನಾದ. ಬೇರೆ ಯಾರೇ ಆಗಿದ್ರೂ ಅಲ್ಲೇ ಬೇರು ಬಿಡುತ್ತಿದ್ದರು. ಈತ ಒಂದೆರಡು ತಿಂಗಳಲ್ಲೇ ಬಿಟ್ಟ. ದೊಡ್ಡ ಮರದ ಕೆಳಗೆ ಏನೂ ಬೆಳೆಯಲ್ಲ ಅನ್ನುವ ಅರ್ಥದ ಮಾತು ಈತನ ಹೆಸರಿನಲ್ಲಿ ಇವತ್ತಿಗೂ ಓಡಾಡುತ್ತೆ.

ಬಿಟ್ಟದ್ದಕ್ಕೆ ಕಸುಬಿನ ಕಾರಣವೂ ಇತ್ತು. ರೊಡ್ಯಾಂ ಥರದ ದೊಡ್ಡ ಕಾರ್ಖಾನೆಗಳಲ್ಲಿ ಗುರು ಮಣ್ಣಿನಲ್ಲಿ ಮಾದರಿ ಮಾಡುತ್ತಿದ್ದ, ಕಲ್ಲಿನಲ್ಲಿ ಕೆತ್ತುವುದು ಸಹಾಯಕರ ಕೆಲಸ. ಬ್ರಾಂಕೂಸಿ ಕಲ್ಲಿಗೆ ತಾನೇ ನೇರ ಉಳಿ ಇಟ್ಟ. ಹಾಗೆ ಬಂದದ್ದು 'ದಿ ಕಿಸ್'. ಒಂದೇ ಕಲ್ಲಿನ ದಿಂಡಿನಲ್ಲಿ ಇಬ್ಬರು ಅಪ್ಪಿಕೊಂಡಿರುವುದು. ಎಷ್ಟು ಬೇಕೋ ಅಷ್ಟೇ ಕೆತ್ತಿದ್ದಾನೆ. ಕಲ್ಲು ಇನ್ನೂ ಕಲ್ಲಾಗಿಯೇ ಇದೆ, ಪ್ರೀತಿನೂ ಕಾಣುತ್ತೆ.

1913: ಪತ್ರಿಕೆಗಳಿಗೆ ಮೊಟ್ಟೆ ಕಂಡಿತು

1913ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಸೇನಾ ಕಟ್ಟಡವೊಂದರಲ್ಲಿ ಯುರೋಪಿನ ಹೊಸ ಕಲೆಯ ಭಾರಿ ಪ್ರದರ್ಶನ ನಡೆಯಿತು. 'ಆರ್ಮರಿ ಶೋ' ಅಂತಲೇ ಅದು ಪ್ರಸಿದ್ಧ. ಅಮೆರಿಕದ ಸಾಮಾನ್ಯ ಜನ ಪಿಕಾಸೊ, ಮಾತಿಸ್, ದುಶಾಂ ಇವರ ಕೆಲಸವನ್ನ ಎದುರಿಗೆ ನೋಡಿದ್ದು ಬಹುತೇಕ ಅಲ್ಲೇ ಮೊದಲು. ಬ್ರಾಂಕೂಸಿಯ ಶಿಲ್ಪಗಳೂ ಅಲ್ಲಿದ್ದವು.

ಅದರಲ್ಲಿ 'ಮದ್ಮೊಜೆಲ್ ಪೊಗಾನಿ' ಎಲ್ಲರ ಬಾಯಿಗೆ ಬಿತ್ತು. ಹಂಗೇರಿಯ ಚಿತ್ರಕಲಾವಿದೆಯೊಬ್ಬಳ ಮುಖ ಅದು. ದುಂಡನೆ ತಲೆ, ಮುಖದ ತುಂಬಾ ಕಣ್ಣು, ಕೆನ್ನೆಗೆ ಒರಗಿಸಿದ ಕೈ. ಪತ್ರಿಕೆಗಳು ಇದನ್ನ ಬೇಯಿಸಿದ ಮೊಟ್ಟೆಗೆ ಹೋಲಿಸಿ ನಕ್ಕವು. ಆದರೆ ನಗೋಕೆ ಬಂದವರ ಜೊತೆ ಕೊಳ್ಳುವವರೂ ಬಂದರು ಅನ್ನೋದು ಮುಖ್ಯ.

ಮರುವರ್ಷ, 1914ರ ಮಾರ್ಚ್‌ನಲ್ಲಿ, ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ನಡೆಸುತ್ತಿದ್ದ '291' ಎಂಬ ಪುಟ್ಟ ಗ್ಯಾಲರಿಯಲ್ಲಿ ಬ್ರಾಂಕೂಸಿಯ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅದಕ್ಕೆ ಓಡಾಡಿದವರು ಇನ್ನೊಬ್ಬ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್. ಈ ಹೆಸರು ನೆನಪಿಟ್ಟುಕೊಳ್ಳಿ, ಕೋರ್ಟಿನಲ್ಲಿ ಮತ್ತೆ ಬರುತ್ತೆ. ಜಾನ್ ಕ್ವಿನ್ ಎಂಬ ನ್ಯೂಯಾರ್ಕ್ ವಕೀಲರು ಇದಾದ ಮೇಲೆ ಬ್ರಾಂಕೂಸಿಯ ಅತಿ ದೊಡ್ಡ ಗಿರಾಕಿ ಆದರು. ಅಲ್ಲಿಂದ ಮುಂದೆ ಈತ ಇದ್ದದ್ದು ಪ್ಯಾರಿಸ್‌ನಲ್ಲಿ, ಅನ್ನ ಹುಟ್ಟಿದ್ದು ಅಮೆರಿಕದಲ್ಲಿ.

1920: ಪ್ಯಾರಿಸ್‌ನಲ್ಲಿ ಪೊಲೀಸರು

'ಪ್ರಿನ್ಸೆಸ್ ಎಕ್ಸ್' ಒಬ್ಬ ಹೆಂಗಸಿನ ಬಾಗಿದ ಕತ್ತು, ತಲೆ, ಎದೆಯನ್ನು ನುಣುಪಾದ ಎರಡು ಮೂರು ಆಕಾರಕ್ಕೆ ಇಳಿಸಿದ ಶಿಲ್ಪ. 1920ರಲ್ಲಿ ಪ್ಯಾರಿಸ್‌ನ ಗ್ರಾಂಡ್ ಪಲೇಯಲ್ಲಿ ನಡೆದ ಸ್ವತಂತ್ರ ಕಲಾವಿದರ ಸಲೋನ್‌ಗೆ ಇದನ್ನ ಕಳಿಸಿದ. ಯಾರಿಗೋ ಇದರಲ್ಲಿ ಗಂಡಸಿನ ಜನನಾಂಗ ಕಂಡಿತು. ಅಶ್ಲೀಲ ಅಂತ ಗದ್ದಲ ಆಗಿ, ಪೊಲೀಸರು ಮಧ್ಯೆ ಬಂದು, ಶಿಲ್ಪವನ್ನ ಪ್ರದರ್ಶನದಿಂದ ತೆಗೆಯಬೇಕಾಯಿತು. ಕಲಾವಿದರು, ಬರಹಗಾರರು ಸಹಿ ಹಾಕಿ ಪತ್ರಿಕೆಯಲ್ಲಿ ಪ್ರತಿಭಟಿಸಿದರು.

ತಾನು ಹೆಣ್ಣಿನ ರೂಪದ ಸಾರ ಹಿಡಿದಿದ್ದೇನೆ ಅಂತ ನಂಬಿದ್ದವನಿಗೆ ಇದು ಒಳಗೇ ತಗುಲಿದ ಪೆಟ್ಟು. ಆಮೇಲೆ ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕೆ ಕಳಿಸೋದು ತೀರಾ ಕಡಿಮೆ ಆಯಿತು. ನೋಡಬೇಕು ಅನ್ನೋರು ತನ್ನ ಸ್ಟುಡಿಯೋಗೇ ಬರಲಿ ಅಂತ ಇದ್ದುಬಿಟ್ಟ. ಬಂದವರಿಗೆ ತನ್ನ ಒಲೆಯಲ್ಲೇ ಅಡುಗೆ ಮಾಡಿ ಬಡಿಸುತ್ತಿದ್ದ. ಊಟ ಆದ ಮೇಲೆ ಶಿಲ್ಪದ ಮೇಲಿನ ಬಟ್ಟೆ ಸರಿಸಿ ತೋರಿಸುತ್ತಿದ್ದ.

ಕ್ಯಾಮೆರಾ ಕೈಗೆ ಬಂತು

ಫೋಟೊಗ್ರಾಫರ್ ಬ್ರಾಂಕೂಸಿ ಗಟ್ಟಿಯಾದದ್ದು ಈ ಹೊತ್ತಿನಲ್ಲೇ. ತನ್ನ ಶಿಲ್ಪಗಳನ್ನು ಬೇರೆಯವರು ತೆಗೆದ ಫೋಟೊ ಎಷ್ಟೇ ಚಂದ ಇದ್ದರೂ ಅವನಿಗೆ ಸಮಾಧಾನ ಇರಲಿಲ್ಲ. 1921ರ ಸುಮಾರಿಗೆ ಅಮೆರಿಕದ ಕಲಾವಿದ ಮ್ಯಾನ್ ರೇ ಸಹಾಯದಿಂದ ಕ್ಯಾಮೆರಾ, ಟ್ರೈಪಾಡ್ ಕೊಂಡು, ಸ್ಟುಡಿಯೋದಲ್ಲೇ ಡಾರ್ಕ್‌ರೂಮ್ ಮಾಡಿಕೊಂಡ. ಪ್ರಿಂಟ್ ಕೂಡ ತಾನೇ ಹಾಕುತ್ತಿದ್ದ.

ಫೋಟೊಗಳು ಮಂಕಾಗಿರುತ್ತಿದ್ದವು, ಕೆಲವು ಸಲ ಗೀರು ಬಿದ್ದಿರುತ್ತಿತ್ತು, ಬೆಳಕು ಜಾಸ್ತಿ ಆಗಿರುತ್ತಿತ್ತು. ಸ್ಟುಡಿಯೋ ಇಟ್ಟುಕೊಂಡವರು ನೋಡಿದ್ರೆ 'ಇದು ವೇಸ್ಟ್' ಅಂತ ಎತ್ತಿಡ್ತಿದ್ರು. ಆದರೆ ಪಾಲಿಶ್ ಮಾಡಿದ ಕಂಚಿನ ಮೇಲೆ ಬೆಳಕು ಬಡಿದು ಚಿಮ್ಮುವಾಗ ಶಿಲ್ಪದ ಅಂಚೇ ಕರಗಿ ಹೋಗುತ್ತಲ್ಲ, ಆತನಿಗೆ ಬೇಕಾಗಿದ್ದದ್ದು ಅದು. ಹಕ್ಕಿ ಲೋಹದ ತುಂಡಾಗಿ ಕಾಣದೆ ಹಾರೋ ಬೆಳಕಾಗಿ ಕಾಣುತ್ತಿತ್ತು.

ಸುದ್ದಿಗೆ ಫೋಟೊ ಕಳಿಸೋ ನಮ್ಮಂಥವರಿಗೆ ಇದು ಬೇಗ ಅರ್ಥ ಆಗುತ್ತೆ. ಯಾವ ಮೂಲೆಯಿಂದ ತೆಗೆದೆ, ಏನನ್ನ ಫ್ರೇಮ್‌ನಿಂದ ಬಿಟ್ಟೆ ಅನ್ನೋದರಲ್ಲಿ ಸುದ್ದಿಯ ಜುಟ್ಟು ಇರುತ್ತೆ. ಆ ಜುಟ್ಟು ಬೇರೆಯವರ ಕೈಗೆ ಕೊಡಬಾರದು ಅಂತ ಬ್ರಾಂಕೂಸಿ ನಿರ್ಧಾರ ಮಾಡಿದ್ದ. ಸಮುದ್ರದಾಚೆ ಇದ್ದ ಗಿರಾಕಿಗಳಿಗೆ ಈ ಫೋಟೊಗಳೇ ಹೋಗುತ್ತಿದ್ದವು. ಅಂದ್ರೆ ಶಿಲ್ಪ ಹಡಗು ಹತ್ತೋ ಮೊದಲೇ ಅದರ ಪ್ರದರ್ಶನ ಲಕೋಟೆಯಲ್ಲಿ ಹೋಗಿರುತ್ತಿತ್ತು.

ಪೀಠದ ವಿಷಯದಲ್ಲೂ ಇದೇ ಹಟ. ಬೇರೆಯವರಿಗೆ ಪೀಠ ಅಂದ್ರೆ ಶಿಲ್ಪ ಕೂರಿಸೋ ಮೇಜು. ಈತ ಮರ, ಸುಣ್ಣಕಲ್ಲು, ಅಮೃತಶಿಲೆ ಒಂದರ ಮೇಲೊಂದು ಪೇರಿಸಿ ಪೀಠವನ್ನೂ ತಾನೇ ಮಾಡಿದ. 'ಲೀಡಾ' ಎಂಬ ಕಂಚಿನ ಶಿಲ್ಪವನ್ನ ಕನ್ನಡಿಯಂತೆ ಹೊಳೆಯುವ ಉಕ್ಕಿನ ತಟ್ಟೆಯ ಮೇಲಿಟ್ಟು ಮೋಟರ್‌ನಿಂದ ನಿಧಾನಕ್ಕೆ ತಿರುಗಿಸಿದ. ಅದರ ಸಿನಿಮಾನೂ ತೆಗೆದ.

1926ರಿಂದ 1928: ಹಕ್ಕಿ ಕೋರ್ಟಿಗೆ ಹೋಯಿತು

ಈಗ ಆರಂಭದಲ್ಲಿ ಹೇಳಿದ ಕಸ್ಟಮ್ಸ್ ಕಥೆಗೆ ಬರೋಣ. 1926ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರಮ್ಮರ್ ಗ್ಯಾಲರಿಯಲ್ಲಿ ಬ್ರಾಂಕೂಸಿ ಪ್ರದರ್ಶನ. ಜೋಡಣೆಯ ಹೊಣೆ ಗೆಳೆಯ ಮಾರ್ಸೆಲ್ ದುಶಾಂ ಅವರದು. ಅದಕ್ಕೆ ಬಂದ ಶಿಲ್ಪಗಳೇ ಬಂದರಿನಲ್ಲಿ ಸಿಕ್ಕಿಬಿದ್ದದ್ದು. ಪ್ರದರ್ಶನಕ್ಕೆ ತಾತ್ಕಾಲಿಕವಾಗಿ ಬಿಟ್ಟರು. ಆದರೆ ಮಾರಾಟವಾದ ಕೃತಿಗೆ ಸುಂಕ ಕಟ್ಟಲೇಬೇಕು ಅಂದರು. 600 ಡಾಲರ್ ಬೆಲೆಯ ಕಂಚಿನ ಹಕ್ಕಿಯನ್ನ ಕೊಂಡಿದ್ದವರು ಅದೇ ಸ್ಟೈಕನ್. 40 ಪರ್ಸೆಂಟ್ ಲೆಕ್ಕದಲ್ಲಿ 240 ಡಾಲರ್ ಸುಂಕ.

ದುಡ್ಡು ಕಟ್ಟಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. 'ಬ್ರಾಂಕೂಸಿ ವರ್ಸಸ್ ಯುನೈಟೆಡ್ ಸ್ಟೇಟ್ಸ್' ಅಂತ ಕೇಸು ದಾಖಲಾಯಿತು. ಕಲಾಪೋಷಕಿ ಗರ್ಟ್ರೂಡ್ ವಾಂಡರ್‌ಬಿಲ್ಟ್ ವಿಟ್ನಿ ಖರ್ಚಿಗೆ ನಿಂತರು. 1927ರ ಅಕ್ಟೋಬರ್‌ನಲ್ಲಿ ವಿಚಾರಣೆ ಶುರು.

ಕಾನೂನು ಹೇಳುತ್ತಿದ್ದದ್ದು ಇಷ್ಟು: ಸುಂಕ ಇಲ್ಲದೆ ಬರಬೇಕಾದರೆ ಶಿಲ್ಪ ಮೂಲಕೃತಿ ಆಗಿರಬೇಕು, ವೃತ್ತಿಪರ ಶಿಲ್ಪಿ ಮಾಡಿರಬೇಕು, ಬೇರೆ ಉಪಯೋಗದ ವಸ್ತು ಆಗಿರಬಾರದು. ತೊಡಕು ಇದ್ದದ್ದು 1916ರ ಒಂದು ಹಳೇ ತೀರ್ಪಿನಲ್ಲಿ. ಶಿಲ್ಪ ಅಂದ್ರೆ ಪ್ರಕೃತಿಯಲ್ಲಿ ಇರೋದರ ಅನುಕರಣೆ, ಅದೂ ಅದರದೇ ಅಳತೆ ಆಕಾರದಲ್ಲಿ ಇರಬೇಕು ಅಂತ ಅದು ಹೇಳಿತ್ತು. ಹಾಗಾಗಿ ಇಡೀ ಕೇಸು ಒಂದೇ ಪ್ರಶ್ನೆಗೆ ಬಂದು ನಿಂತಿತು: ಇದು ಹಕ್ಕಿ ಹೌದಾ?

ನೀವು ಇದನ್ನ ಹಕ್ಕಿ ಅಂತ ಯಾಕೆ ಕರೆಯುತ್ತೀರಿ, ಕಾಡಿನಲ್ಲಿ ಕಂಡರೆ ಗುಂಡು ಹೊಡೆಯುತ್ತಿದ್ದಿರಾ ಅನ್ನುವ ಥರದ ಪ್ರಶ್ನೆಗಳು ಸ್ಟೈಕನ್‌ಗೆ ಬಂದವು. ಒಳ್ಳೇ ಮೆಕ್ಯಾನಿಕ್ ಒಬ್ಬ ಕಂಚಿನ ಸರಳು ತಿಕ್ಕಿ ಪಾಲಿಶ್ ಮಾಡಿದ್ರೆ ಇದೇ ಆಗಲ್ವಾ ಅಂತ ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಅವರನ್ನ ಕೇಳಿದರು. ಪಾಲಿಶ್ ಮಾಡಬಹುದು, ಆದರೆ ಇದನ್ನ ಕಲ್ಪಿಸಿಕೊಳ್ಳೋಕೆ ಅವನಿಂದ ಆಗಲ್ಲ ಅನ್ನೋದು ಅವರ ಉತ್ತರದ ಸಾರ. ಸರ್ಕಾರದ ಪರವಾಗಿ ಬಂದ ಇಬ್ಬರು ಶಿಲ್ಪಿಗಳು ಇದು ಕಲೆಯೇ ಅಲ್ಲ ಅಂದರು. ಬ್ರಾಂಕೂಸಿ ಹೇಳಿಕೆಯನ್ನು ಪ್ಯಾರಿಸ್‌ನಲ್ಲೇ ದಾಖಲಿಸಿಕೊಂಡರು. ಎರಕ ಹೊಯ್ದ ಮೇಲೆ ಉಜ್ಜಿ ತೀಡಿ ಮುಗಿಸಿದ್ದು ತನ್ನ ಕೈಯೇ ಅಂತ ಅವನು ವಿವರಿಸಿದ.

1928ರ ನವೆಂಬರ್ 26ರಂದು ತೀರ್ಪು ಬಂತು. ಹೊಸ ಪಂಥದ ಕಲೆಯೊಂದು ಬೆಳೆಯುತ್ತಿದೆ, ನಮಗೆ ಅದು ಇಷ್ಟ ಇರಲಿ ಇಲ್ಲದಿರಲಿ ಅದು ಇದೆ ಅನ್ನೋದನ್ನ ಒಪ್ಪಬೇಕು ಅನ್ನುವ ಅರ್ಥದಲ್ಲಿ ನ್ಯಾಯಾಧೀಶರು ಬರೆದರು. ಹಕ್ಕಿಯನ್ನ ಹಕ್ಕಿಗೆ ಹೋಲಿಸೋದು ಕಷ್ಟ ಆದರೂ ನೋಡೋಕೆ ಸುಂದರವಾಗಿದೆ, ಶಿಲ್ಪಿಯ ಮೂಲಕೃತಿ ಹೌದು, ಸುಂಕ ಬೇಡ. 240 ಡಾಲರ್ ಕೇಸು ಅಮೆರಿಕದ ಕಾನೂನಿನಲ್ಲಿ ಕಲೆಯ ಅರ್ಥವನ್ನೇ ಅಗಲ ಮಾಡಿತು.

ಇಂದೋರ್‌ಗೆ ಬಂದು ಬರಿಗೈಲಿ ಹೋದದ್ದು

1933ರ ನವೆಂಬರ್‌ನಿಂದ ಮರುವರ್ಷದ ಜನವರಿವರೆಗೆ ಬ್ರಮ್ಮರ್ ಗ್ಯಾಲರಿಯಲ್ಲಿ ಇನ್ನೂ ದೊಡ್ಡ ಪ್ರದರ್ಶನ ನಡೆಯಿತು. 50ಕ್ಕೂ ಹೆಚ್ಚು ಕೃತಿಗಳು, ಜೋಡಣೆ ಮತ್ತೆ ದುಶಾಂ.

ಅದೇ ದಶಕದಲ್ಲಿ ಇಂದೋರ್ ಮಹಾರಾಜ ಯಶವಂತರಾವ್ ಹೋಳ್ಕರ್ ಮೂರು ಹಕ್ಕಿ ಕೊಂಡರು. ಒಂದು ಕಂಚು, ಒಂದು ಬಿಳಿ ಅಮೃತಶಿಲೆ, ಒಂದು ಕಪ್ಪು ಅಮೃತಶಿಲೆ. ಅವನ್ನ ಇಡೋಕೆ ಇಂದೋರ್‌ನಲ್ಲಿ ಒಂದು ಧ್ಯಾನಮಂದಿರ ಕಟ್ಟೋಣ ಅಂತ ಮಾತಾಯಿತು. ಒಳಗೆ ನೀರಿನ ಕೊಳ, ಸುತ್ತ ಹಕ್ಕಿಗಳು. ಗ್ಯಾಲರಿಯವರ ಹಂಗಿಲ್ಲದೆ, ತನ್ನ ಶಿಲ್ಪಕ್ಕೆ ತಾನೇ ಮನೆ ಕಟ್ಟೋ ಅವಕಾಶ.

1938ರ ಜನವರಿಯಲ್ಲಿ ಬ್ರಾಂಕೂಸಿ ಇಂದೋರ್‌ನಲ್ಲೇ ಇದ್ದ. ಆದರೆ ಮಹಾರಾಣಿ ಸಂಯೋಗಿತಾ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಕೆಲಸ ಮುಂದಕ್ಕೆ ಹೋಗಲಿಲ್ಲ, ಮಂದಿರ ಏಳಲಿಲ್ಲ. ಆ ಅಮೃತಶಿಲೆಯ ಎರಡು ಹಕ್ಕಿಗಳು ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿವೆ, ಕಂಚಿನದು ಅಮೆರಿಕದ ನಾರ್ಟನ್ ಸೈಮನ್ ಮ್ಯೂಸಿಯಂನಲ್ಲಿ. ಮಂದಿರ ಎದ್ದಿದ್ರೆ ನಾವು ರೈಲು ಹತ್ತಿ ಹೋಗಿ ನೋಡಬಹುದಿತ್ತು.

ಸ್ವಂತ ಜಿಲ್ಲೆಯಲ್ಲಿ ಬಯಲ ಪ್ರದರ್ಶನ

ಇಂದೋರ್‌ನಲ್ಲಿ ಆಗದೇ ಇದ್ದದ್ದು ಅದೇ ವರ್ಷ ಹುಟ್ಟಿದ ಜಿಲ್ಲೆಯಲ್ಲಿ ಆಯಿತು. ಮೊದಲ ಮಹಾಯುದ್ಧದಲ್ಲಿ ತಿರ್ಗು ಜಿಯು ಪಟ್ಟಣ ಉಳಿಸೋಕೆ ಹೋರಾಡಿ ಸತ್ತವರಿಗೆ ಸ್ಮಾರಕ ಬೇಕು ಅಂತ ಗೊರ್ಜ್ ಜಿಲ್ಲೆಯ ಮಹಿಳಾ ಸಂಘ ಕೇಳಿತು. ಬ್ರಾಂಕೂಸಿ ಸಂಭಾವನೆ ತೆಗೆದುಕೊಳ್ಳಲಿಲ್ಲ.

ನದಿ ದಂಡೆ ಬಳಿ ಕಲ್ಲಿನ ದುಂಡು ಮೇಜು, ಸುತ್ತ 12 ಕಲ್ಲಿನ ಪೀಠ. ಅದು 'ಮೌನದ ಮೇಜು'. ಆಮೇಲೆ 'ಮುತ್ತಿನ ದ್ವಾರ'. ಅಲ್ಲಿಂದ ಊರೊಳಗೆ ನೇರ ನಡೆದುಕೊಂಡು ಒಂದು ಕಿಲೋಮೀಟರಿಗೂ ಹೆಚ್ಚು ಹೋದರೆ 'ಎಂಡ್‌ಲೆಸ್ ಕಾಲಮ್', ಮುಗಿಯದ ಕಂಬ. ಎತ್ತರ 29 ಮೀಟರಿಗೂ ಜಾಸ್ತಿ. ಎರಕದ ಕಬ್ಬಿಣದ ಒಂದೇ ಆಕಾರ ಒಂದರ ಮೇಲೊಂದು ಕೂತು ಮೇಲಕ್ಕೆ ಹೋಗುತ್ತೆ. ತುದಿಯಲ್ಲಿ ಅರ್ಧಕ್ಕೆ ನಿಲ್ಲಿಸಿದ್ದಾನೆ, ಉಳಿದದ್ದನ್ನ ನೋಡೋರ ಕಣ್ಣು ಆಕಾಶದಲ್ಲಿ ಮುಂದುವರಿಸಲಿ ಅಂತ. ಟಿಕೆಟ್ ಇಲ್ಲ, ಗೋಡೆ ಇಲ್ಲ.

ಇದಕ್ಕೂ ಕಂಟಕ ತಪ್ಪಲಿಲ್ಲ. 1950ರ ದಶಕದಲ್ಲಿ ಕಮ್ಯುನಿಸ್ಟ್ ಆಡಳಿತದವರು ಕಂಬವನ್ನ ಎಳೆದು ಕೆಡವಲು ನೋಡಿದರು. ಕಂಬ ಬೀಳಲಿಲ್ಲ. ಇಡೀ ಸ್ಮಾರಕ 2024ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆ ತೀರ್ಮಾನ ಆದ ಸಭೆ ನಡೆದದ್ದು ನಮ್ಮ ದೆಹಲಿಯಲ್ಲಿ.

ಕೊನೆಯ ಪ್ರದರ್ಶನ: ಸ್ಟುಡಿಯೋ

ಎರಡನೇ ಮಹಾಯುದ್ಧದ ನಂತರ ಬ್ರಾಂಕೂಸಿ ಹೊಸದು ಮಾಡಿದ್ದು ಬಹಳ ಕಡಿಮೆ. ದಿನವಿಡೀ ಪ್ಯಾರಿಸ್‌ನ ಆಂಪಾಸ್ ರೊನ್‌ಸಾಂ ಗಲ್ಲಿಯ ತನ್ನ ಸ್ಟುಡಿಯೋದಲ್ಲಿ ಇರೋ ಶಿಲ್ಪಗಳನ್ನೇ ಸರಿಸುವುದು, ಜೋಡಿಸುವುದು, ಯಾವುದರ ಪಕ್ಕ ಯಾವುದು ಅಂತ ನೋಡುವುದು. ಒಂದು ಶಿಲ್ಪ ಮಾರಾಟವಾಗಿ ಹೋದರೆ ಆ ಜಾಗದಲ್ಲಿ ಅದರ ಪ್ಲಾಸ್ಟರ್ ಪ್ರತಿ ಇಡುತ್ತಿದ್ದ. ಹಲ್ಲು ಬಿದ್ದ ಜಾಗ ಖಾಲಿ ಕಾಣಬಾರದು ನೋಡಿ, ಹಾಗೆ.

1955ರಲ್ಲಿ ನ್ಯೂಯಾರ್ಕ್‌ನ ಗುಗ್ಗೆನ್‌ಹೈಮ್ ಮ್ಯೂಸಿಯಂ ಬ್ರಾಂಕೂಸಿಯ ದೊಡ್ಡ ಸಮಗ್ರ ಪ್ರದರ್ಶನ ಮಾಡಿತು. ಅದು ಫಿಲಡೆಲ್ಫಿಯಾಗೂ ಹೋಯಿತು. ಅಷ್ಟರಲ್ಲಿ ಪ್ಯಾರಿಸ್‌ನ ಆ ಗಲ್ಲಿಯ ಸ್ಟುಡಿಯೋಗಳನ್ನ ಕೆಡವುವ ಮಾತು ಬಂದಿತ್ತು. 1956ರಲ್ಲಿ ಬ್ರಾಂಕೂಸಿ ಉಯಿಲು ಬರೆದ. ಸ್ಟುಡಿಯೋದಲ್ಲಿ ಇರೋದೆಲ್ಲ ಫ್ರಾನ್ಸ್ ಸರ್ಕಾರಕ್ಕೆ, ಷರತ್ತು ಒಂದೇ: ತಾನು ಇಟ್ಟ ಹಾಗೇ ಅದನ್ನ ಮತ್ತೆ ಕಟ್ಟಿ ತೋರಿಸಬೇಕು.

ಹಾಗೆ ಸರ್ಕಾರದ ಕೈಗೆ ಬಂದದ್ದು 137 ಶಿಲ್ಪ, 87 ಪೀಠ, 41 ರೇಖಾಚಿತ್ರ, 2 ಪೇಂಟಿಂಗ್, 1,600ಕ್ಕೂ ಹೆಚ್ಚು ಫೋಟೊ ಪ್ಲೇಟ್ ಮತ್ತು ಪ್ರಿಂಟ್. ಶಿಲ್ಪಿ, ಚಿತ್ರಕಾರ, ಫೋಟೊಗ್ರಾಫರ್ ಮೂವರಲ್ಲಿ ಯಾರ ಪಾಲು ಎಷ್ಟು ಅನ್ನೋದಕ್ಕೆ ಈ ಲೆಕ್ಕ ಸಾಕು. ಪೀಠಗಳನ್ನ ಬೇರೆಯಾಗಿ ಎಣಿಸಿದ್ದಾರೆ, ಗಮನಿಸಿ.

ಮುಂದಿನ ವರ್ಷ ತೀರಿಕೊಂಡ. ಸ್ಟುಡಿಯೋವನ್ನು 1962ರಲ್ಲಿ ಭಾಗಶಃ, 1977ರಲ್ಲಿ ಪೊಂಪಿದು ಕೇಂದ್ರದ ಎದುರು ಪೂರ್ತಿಯಾಗಿ ಮರುನಿರ್ಮಿಸಿದರು. 1990ರಲ್ಲಿ ನೀರು ನುಗ್ಗಿ ಮುಚ್ಚಬೇಕಾಯಿತು. 1997ರಲ್ಲಿ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಕಟ್ಟಿದ ಹೊಸ ಕಟ್ಟಡದಲ್ಲಿ ತೆರೆಯಿತು. ಒಳಗೆ ಕಾಲಿಡುವ ಹಾಗಿರಲಿಲ್ಲ, ಗಾಜಿನ ಆಚೆಯಿಂದ ನೋಡಬೇಕಿತ್ತು. 2024ರಲ್ಲಿ ಪೊಂಪಿದು ಕೇಂದ್ರ ಮತ್ತೊಂದು ದೊಡ್ಡ ಸಮಗ್ರ ಪ್ರದರ್ಶನ ಮಾಡಿತು.

ಮುಖ್ಯ ಪ್ರದರ್ಶನಗಳು, ಘಟನೆಗಳು

- 1903: ಅಥೆನಿಯಂ, ಬುಕಾರೆಸ್ಟ್
- 1906: ಪ್ಯಾರಿಸ್ ಸಲೋನ್‌ಗಳಲ್ಲಿ ಮೊದಲ ಬಾರಿ
- 1913: ಆರ್ಮರಿ ಶೋ, ನ್ಯೂಯಾರ್ಕ್
- 1914: '291' ಗ್ಯಾಲರಿ, ಮೊದಲ ಏಕವ್ಯಕ್ತಿ ಪ್ರದರ್ಶನ
- 1920: ಪ್ಯಾರಿಸ್ ಸಲೋನ್‌ನಿಂದ 'ಪ್ರಿನ್ಸೆಸ್ ಎಕ್ಸ್' ಹೊರಕ್ಕೆ
- 1926: ಬ್ರಮ್ಮರ್ ಗ್ಯಾಲರಿ, ನ್ಯೂಯಾರ್ಕ್. ಮುಂದೆ ಶಿಕಾಗೊ
- 1928: ಸುಂಕದ ಕೇಸಿನಲ್ಲಿ ಗೆಲುವು
- 1933-34: ಬ್ರಮ್ಮರ್ ಗ್ಯಾಲರಿ, ಎರಡನೇ ಬಾರಿ
- 1938: ತಿರ್ಗು ಜಿಯು ಸ್ಮಾರಕ ಉದ್ಘಾಟನೆ
- 1955-56: ಗುಗ್ಗೆನ್‌ಹೈಮ್, ನ್ಯೂಯಾರ್ಕ್. ಮುಂದೆ ಫಿಲಡೆಲ್ಫಿಯಾ
- 2024: ಪೊಂಪಿದು ಕೇಂದ್ರ, ಪ್ಯಾರಿಸ್

2018ರಲ್ಲಿ ಬ್ರಾಂಕೂಸಿಯ ಒಂದು ಕಂಚಿನ ಶಿಲ್ಪ ನ್ಯೂಯಾರ್ಕ್ ಹರಾಜಿನಲ್ಲಿ 7 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. 600 ಡಾಲರ್ ಹಕ್ಕಿಯನ್ನ ಪಾತ್ರೆ ಸಾಮಾನಿನ ಲೆಕ್ಕಕ್ಕೆ ಬರೆದುಕೊಂಡದ್ದು ಅದೇ ಊರಿನಲ್ಲಿ. ಇಷ್ಟು ದುಡ್ಡು ಬಂತು ಅಂತ ಅದು ಕಲೆ ಆಗಲಿಲ್ಲ, ಅವತ್ತು ಸುಂಕ ಹಾಕಿದರು ಅಂತ ಪಾತ್ರೆಯೂ ಆಗಿರಲಿಲ್ಲ. ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿದ ದಿನವೂ ಅದು ಹಕ್ಕಿನೇ ಆಗಿತ್ತು.